ಎಡಗಡೆಯ ಮುಚ್ಚಳ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಯೆಜ್ಡಿಗಳು ಮಾತ್ರ ನಮ್ಮ ದುರ್ಗದ ಸೀಮೆಯಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ನನ್ನ ರೋಡ್‌ಕಿಂಗ್ ಅವುಗಳಲ್ಲೊಂದು. ಹೊಸದುರ್ಗದಲ್ಲಿ ಉಪಾಧ್ಯಾಯನಾಗಿದ್ದಾಗ ಕೊಂಡದ್ದು; ಹೊಳಲ್ಕೆರೆಗೆ ವರ್ಗವಾದಾಗ ಅರ್ಧ ಪಾತ್ರೆಪಗಡೆಯನ್ನು ಅದೇ ಹೊತ್ತಿತ್ತು. ನಿವೃತ್ತಿಯ ನಂತರ ನಮ್ಮೊಡನೆ ಚಿತ್ರದುರ್ಗಕ್ಕೂ ಬಂತು.

ಕಳೆದ ಬೇಸಿಗೆಯಲ್ಲಿ ಅದರ ಎಂಜಿನ್ನಿನ ಎಡಗಡೆಯ ಮುಚ್ಚಳ ಸಡಿಲವಾಯಿತು. ನಿಲ್ಲಿಸಿದಲ್ಲೆಲ್ಲ ಎಣ್ಣೆಯ ಕಲೆ. ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುತ್ತೇವಲ್ಲ, ಸಾಲದೇ ಎನ್ನುವವರುಂಟು. ಸಾಲದು. ಆ ಎಣ್ಣೆ ಪಿಸ್ಟನ್ನು, ಕ್ರ್ಯಾಂಕುಗಳಿಗೆ. ಕ್ಲಚ್ಚು, ಗೇರುಗಳು ನೆನೆಯುವುದು ಬೇರೆಯದೇ ಎಣ್ಣೆಯಲ್ಲಿ; ಅದನ್ನು ಹಿಡಿದಿಡುವುದು ಈ ಮುಚ್ಚಳ. ಅದು ಸೋರಿಹೋದರೆ ಗೇರಿನ ಹಲ್ಲು ಸವೆಯುತ್ತದೆ. 2022ರಲ್ಲಿ ಯೆಜ್ಡಿಯ ಹೆಸರು ಮರಳಿ ಬಂದಿತಾದರೂ ಆ ಹೊಸ ಗಾಡಿಗಳು ನಾಲ್ಕು ಸ್ಟ್ರೋಕಿನವು. ಅವುಗಳ ಗೇರು ಇದಕ್ಕೆ ಒದಗದು.

ಊರಿನ ಅಂಗಡಿಯೊಂದರಲ್ಲಿ "ಗುಜರಿಗೆ ಹಾಕಿ ಸಾರ್" ಎಂದರು. ಮನಸ್ಸು ಒಪ್ಪಲಿಲ್ಲ. ಎಣ್ಣೆ ತುಂಬಿಸಿಕೊಂಡು ನಲವತ್ತು ಕಿಲೋಮೀಟರ್ ದೂರದ ಹಿರಿಯೂರಿಗೆ, ಹಳೆಯ ಪರಿಚಯದ ಮೆಕ್ಯಾನಿಕ್ಕನ ಬಳಿಗೆ ಹೋದೆ. ಆತನಿಗೂ ನನ್ನಷ್ಟೇ ವಯಸ್ಸು.

ಆತ ಎಣ್ಣೆ ಬಸಿದು, ಗೇರಿಗೂ ಕಿಕ್ಕಿಗೂ ಒಂದೇ ಆಗಿರುವ ಆ ವಿಚಿತ್ರ ಸನ್ನೆಯನ್ನು ಕಳಚಿದ. ಆಮೇಲೆ ರಟ್ಟಿನ ತುಂಡೊಂದರ ಮೇಲೆ ಮುಚ್ಚಳದ ಆಕಾರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅದದರ ಸ್ಥಾನದಲ್ಲೇ ಚುಚ್ಚಿಟ್ಟ. (ನಮ್ಮ ಪಠ್ಯಗಳಲ್ಲಿ ಅದು 'ತಿರುಪು ಮೊಳೆ', ಗ್ಯಾರೇಜಿನಲ್ಲಿ ಹಾಗೆಂದರೆ ನಕ್ಕಾರು.) ದೋಷ ರಟ್ಟಿನ ಮೇಲೆಯೇ ಕಂಡಿತು. ಗಿಡ್ಡ ಸ್ಕ್ರೂವಿನ ಜಾಗದಲ್ಲಿ ಹಿಂದೆ ಯಾರೋ ಉದ್ದನೆಯದನ್ನು ಹಾಕಿದ್ದರು. ಅದರ ತುದಿ ರಂಧ್ರದ ತಳ ಮುಟ್ಟಿ ನಿಲ್ಲುತ್ತಿತ್ತು, ತಲೆ ಮುಚ್ಚಳವನ್ನು ಒತ್ತುತ್ತಲೇ ಇರಲಿಲ್ಲ. ಕೈಗೆ ಬಿಗಿ, ಮುಚ್ಚಳಕ್ಕೆ ಸಡಿಲ! ಮತ್ತೊಂದು ರಂಧ್ರದ ಮರೆಯೇ ಕಿತ್ತುಹೋಗಿತ್ತು. ಸ್ಕ್ರೂ ಉಕ್ಕಿನದು, ಎಂಜಿನ್ನಿನ ಮೈ ಅಲ್ಯುಮಿನಿಯಂ. ಅತಿಯಾಗಿ ಬಿಗಿದರೆ ಸೋಲುವುದು ಮೆದು ಲೋಹವೇ.

ಆ ರಂಧ್ರವನ್ನು ತುಸು ಹಿಗ್ಗಿಸಿ, ಹೊಸ ಮರೆ ಕೊರೆದು, ಒಳಗೆ ಉಕ್ಕಿನ ತಂತಿಯ ಸುರುಳಿ ಕೂರಿಸಿದ. ಹಳೆಯ ಗ್ಯಾಸ್ಕೆಟ್ಟನ್ನು ಮರದ ಚಕ್ಕೆಯಿಂದಲೇ ಕೆರೆದ, ಕಬ್ಬಿಣ ತಾಗಿಸಲಿಲ್ಲ. ಮುಚ್ಚಳದ ಅಂಚನ್ನು ಗಾಜಿನ ಹಲಗೆಯ ಮೇಲಿಟ್ಟು ಡೊಂಕು ನೋಡಿದ. ಕೊನೆಗೆ ಹೊಸ ಗ್ಯಾಸ್ಕೆಟ್ಟು. ಎದುರುಬದುರು ಮೂಲೆಗಳ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, "ಮಣಿಕಟ್ಟಿನ ಬಲ ಸಾಕು ಮೇಷ್ಟ್ರೇ, ಮೊಣಕೈಯನ್ನು ಕರೀಬಾರದು" ಎಂದ.

ಹೊರಡುವಾಗ ಆ ರಟ್ಟನ್ನೂ ನನ್ನ ಕೈಗಿತ್ತ. ಪ್ರತಿ ತೂತಿನ ಪಕ್ಕದಲ್ಲಿ ಸ್ಕ್ರೂವಿನ ಉದ್ದ ಬರೆದಿದೆ. "ಮುಂದೆ ಬಿಚ್ಚುವವರು ನಾನಾಗಿರಲಿಕ್ಕಿಲ್ಲ" ಎಂದ. ಅದನ್ನೀಗ ಗಾಡಿಯ ಸೀಟಿನ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದೇನೆ.