ಬಾಗಿದ ದಂಡಿಯ ಊರು

ಅಮೆರಿಕದ ಡೆಟ್ರಾಯಿಟ್ ನಗರದ ನದೀತೀರದಲ್ಲಿ ನಿಂತು ದಕ್ಷಿಣಕ್ಕೆ ದೃಷ್ಟಿ ಹರಿಸಿದರೆ ಕಾಣುವುದು ಕೆನಡ! ಉತ್ತರದಲ್ಲಿರಬೇಕಾದ ದೇಶ ಇಲ್ಲಿ ಹೊಳೆಯ ದಕ್ಷಿಣ ದಡದಲ್ಲಿದೆ. ಭೂಪಟದ ಈ ವಿನೋದವನ್ನು ಕಂಡು ಹೊಸಬರು ಬೆರಗಾಗುವುದುಂಟು. ಆದರೆ ಊರಿನ ನಿಜವಾದ ಅಚ್ಚರಿಯನ್ನು ನೋಡಬೇಕೆನ್ನುವವರು ನದಿಯನ್ನು ಬಿಟ್ಟು ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ಎಂಬ ಅಗಲವಾದ ಬೀದಿಗೆ ಹೋಗಬೇಕು. ಅಲ್ಲಿ 2648ನೆಯ ನಂಬರಿನ ಮನೆಯ ಮುಂದೆ ‘ಹಿಟ್ಸ್‌ವಿಲ್ ಯು. ಎಸ್. ಎ.’ ಎಂಬ ಫಲಕವಿದೆ. ಸಾಧಾರಣ ಸಂಸಾರವೊಂದು ವಾಸವಾಗಿರಬಹುದಾದಷ್ಟೇ ದೊಡ್ಡ ಮನೆ. ಜಗತ್ತಿನ ಮೂಲೆಮೂಲೆಗಳಲ್ಲಿ ಜನರನ್ನು ಕುಣಿಸಿದ ‘ಮೋಟೌನ್’ ಸಂಗೀತ ಹುಟ್ಟಿದ್ದು ಇದರೊಳಗೆ.

ಬೆರಿ ಗೋರ್ಡಿ ಎಂಬಾತ ಮೊದಲು ಮೋಟಾರು ಕಾರ್ಖಾನೆಯಲ್ಲಿ ಕೂಲಿ ಮಾಡಿದವನು. 1959ರಲ್ಲಿ ತನ್ನ ಮನೆಯವರಿಂದಲೇ 800 ಡಾಲರ್ ಸಾಲ ಪಡೆದು ಧ್ವನಿಮುದ್ರಣದ ಉದ್ಯಮಕ್ಕೆ ಕೈಹಾಕಿದನು. ಅದೇ ವರ್ಷ ಈ ಮನೆಯನ್ನು ಕೊಂಡು, ಹಿಂಭಾಗದ ಕೊಠಡಿಯನ್ನು ಸ್ಟುಡಿಯೋ ಆಗಿ ಮಾರ್ಪಡಿಸಿದನು. ಛಾವಣಿಯಿಂದ ವಿದ್ಯುತ್ತಿನ ತಂತಿಗಳು ಜೋತಾಡುತ್ತಿದ್ದುದರಿಂದ ವಾದ್ಯಗಾರರು ಆ ಕೊಠಡಿಗೆ ‘ಹಾವಿನ ಗುಂಡಿ’ ಎಂಬರ್ಥದ ಹೆಸರನ್ನಿಟ್ಟರು. 1972ರಲ್ಲಿ ಸಂಸ್ಥೆ ಲಾಸ್ ಏಂಜಲೀಸಿಗೆ ಹೊರಟುಹೋಯಿತು. 1985ರಲ್ಲಿ ಗೋರ್ಡಿಯ ಅಕ್ಕ ಎಸ್ತರ್ ಗೋರ್ಡಿ ಎಡ್ವರ್ಡ್ಸ್ ಈ ಮನೆಯನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು.

ನೋಡಬಂದವರು ಗೋಡೆಯ ಮೇಲೆ ಹಾಡುಗಾರರ ಚಿತ್ರಗಳನ್ನು ಅರಸುವುದು ಸಹಜ. ಆದರೆ ಆ ಹಾಡುಗಳಿಗೆಲ್ಲ ನೆಲಗಟ್ಟನ್ನು ಹಾಕಿದವನು ಹಾಡಿದವನಲ್ಲ. ಜೇಮ್ಸ್ ಜೇಮರ್ಸನ್ ಎಂಬ ಬಾಸ್ ಗಿಟಾರ್ ವಾದಕ. 1936ರಲ್ಲಿ ದಕ್ಷಿಣ ಕೆರೊಲಿನದ ಎಡಿಸ್ಟೊ ದ್ವೀಪದಲ್ಲಿ ಹುಟ್ಟಿ, 1954ರಲ್ಲಿ ಡೆಟ್ರಾಯಿಟಿಗೆ ಬಂದು, ಇಲ್ಲಿಯ ಶಾಲೆಯಲ್ಲಿ ಆಳೆತ್ತರದ ಮರದ ಬಾಸ್ ವಾದ್ಯವನ್ನು ಕಲಿತವನು. ಆ ವಾದ್ಯದ ದಪ್ಪ ತಂತಿಗಳನ್ನು ಒತ್ತಿ ಒತ್ತಿ ಅವನ ಬೆರಳುಗಳು ಗಟ್ಟಿಯಾಗಿದ್ದವು. ಮುಂದೆ ವಿದ್ಯುತ್ ಬಾಸನ್ನು ಕೈಗೆತ್ತಿಕೊಂಡಾಗಲೂ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದನು. ಜೊತೆಗಾರರು ಆ ಬೆರಳಿಗೆ ‘ಕೊಕ್ಕೆ’ ಎಂದೇ ಹೆಸರಿಟ್ಟಿದ್ದರು. 1964ರ ‘ಮೈ ಗರ್ಲ್’ ಹಾಡಿನ ಆರಂಭದಲ್ಲಿ ಎದೆಬಡಿತದಂತೆ ಕೇಳುವ ನಾದ ಅವನದು.

ಅವನ ವಾದ್ಯ 1962ರ ಫೆಂಡರ್ ಪ್ರಿಸಿಷನ್ ಬಾಸ್. ಅದಕ್ಕೆ ಕಟ್ಟಿದ್ದು ಲಾ ಬೆಲ್ಲ ಕಂಪನಿಯ ಭಾರವಾದ ‘ಫ್ಲಾಟ್‌ವೌಂಡ್’ ತಂತಿಗಳು. ಸಾಮಾನ್ಯ ತಂತಿಯಲ್ಲಿ ನಡುವಿನ ಉಕ್ಕಿನ ಎಳೆಯ ಸುತ್ತ ದುಂಡನೆಯ ತಂತಿಯನ್ನು ಸುತ್ತಿರುತ್ತಾರೆ. ಈ ಬಗೆಯದರಲ್ಲಿ ಸುತ್ತುವುದು ಚಪ್ಪಟೆಯಾದ ಪಟ್ಟಿಯನ್ನು. ಮೇಲ್ಮೈ ನುಣುಪಾಗಿರುವುದರಿಂದ ಬೆರಳು ಜಾರುವಾಗ ಕೀರಲು ಸದ್ದು ಬಾರದು. ನಾದ ಮೃದುವಾಗಿ, ತುಂಬಿ, ಬೇಗನೆ ಅಡಗುತ್ತದೆ. ಅವನ ತಂತಿಗಳಲ್ಲಿ ತೀರ ಸಣ್ಣದರ ದಪ್ಪವೇ ಅಂಗುಲದ ಸಾವಿರದಲ್ಲಿ 52 ಭಾಗ, ಅತಿ ದಪ್ಪನೆಯದು 110 ಭಾಗ. ತಂತಿ ದಪ್ಪವಾದಷ್ಟೂ ಅದನ್ನು ಅದೇ ಶ್ರುತಿಗೆ ತರಲು ಹೆಚ್ಚು ಬಿಗಿಯಬೇಕು. ಸಾಧಾರಣ ನಾಲ್ಕು ತಂತಿಗಳು ಕೂಡಿ ಎಳೆಯುವ ಎಳೆತವೇ ವಯಸ್ಕ ಮನುಷ್ಯನೊಬ್ಬನ ತೂಕದಷ್ಟಿರುತ್ತದೆ. ದಪ್ಪ ತಂತಿಗಳದು ಅದಕ್ಕೂ ಮಿಗಿಲು. ತೆಳ್ಳನೆಯ ಮರದ ದಂಡಿ ಈ ಭಾರವನ್ನು ಹಗಲಿರುಳೂ ಹೊತ್ತು ನಿಂತರೆ ಬಿಲ್ಲಿನಂತೆ ಬಾಗದೆ ಮತ್ತೇನಾದೀತು?

ಈ ರೋಗಕ್ಕೆ ಮದ್ದು ಹುಟ್ಟಿದ್ದು ಬಹುದೂರದಲ್ಲೇನೂ ಅಲ್ಲ. ಡೆಟ್ರಾಯಿಟಿನಿಂದ ಪಶ್ಚಿಮಕ್ಕೆ ಸುಮಾರು 140 ಮೈಲಿ ಹೋದರೆ ಅದೇ ಮಿಶಿಗನ್ ಸಂಸ್ಥಾನದ ಕಾಲಮಜೂ ಎಂಬ ಊರು. ಗಿಬ್ಸನ್ ಕಂಪನಿ 1902ರಲ್ಲಿ ಸ್ಥಾಪನೆಯಾದದ್ದು ಅಲ್ಲಿ. ಆ ಕಾರ್ಖಾನೆಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬಾತ ದಂಡಿಯೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸುವ ಉಪಾಯವನ್ನು ಕಂಡುಹಿಡಿದನು. ಅದಕ್ಕೆ 1923ರಲ್ಲಿ ಪೇಟೆಂಟ್ ದೊರೆಯಿತು. ‘ಟ್ರಸ್ ರಾಡ್’ ಎನ್ನುವುದು ಇದನ್ನೇ. ಸರಳಿನ ಒಂದು ತುದಿ ಮರದಲ್ಲಿ ಭದ್ರವಾಗಿ ನೆಟ್ಟಿರುತ್ತದೆ; ಇನ್ನೊಂದು ತುದಿಯಲ್ಲಿ ನಟ್ಟು ಇರುತ್ತದೆ. ನಟ್ಟನ್ನು ಬಿಗಿದರೆ ತಂತಿ ಎಳೆಯುವ ದಿಕ್ಕಿಗೆ ಎದುರಾಗಿ ಸರಳು ದಂಡಿಯನ್ನು ಎಳೆಯುತ್ತದೆ. ಹೀಗೆ ಎರಡು ಎಳೆತಗಳ ನಡುವೆ ಮರ ಸಮನಾಗಿ ನಿಲ್ಲುತ್ತದೆ. 1984ರಲ್ಲಿ ಗಿಬ್ಸನ್ ಕಂಪನಿ ಕಾಲಮಜೂವನ್ನು ತೊರೆಯಿತು. ಊರು ಬಿಡಲೊಪ್ಪದ ಕೆಲವು ಹಳೆಯ ಕೆಲಸಗಾರರು ಮರುವರ್ಷ ಅದೇ ಕಟ್ಟಡದಲ್ಲಿ ಹೆರಿಟೇಜ್ ಎಂಬ ಹೆಸರಿನಿಂದ ಗಿಟಾರುಗಳನ್ನು ಮಾಡತೊಡಗಿದರು.

ದಪ್ಪ ತಂತಿಗಳನ್ನು ಕಟ್ಟಿದ ಮೇಲೆ ದಂಡಿಯನ್ನು ಸರಿಪಡಿಸುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಮುಖ್ಯ. ಮೊದಲು ನಾಲ್ಕು ತಂತಿಗಳನ್ನೂ ಶ್ರುತಿಗೆ ತಂದು, ಎಳೆತಕ್ಕೆ ಮರ ಒಗ್ಗಿಕೊಳ್ಳಲು ಬಿಡಬೇಕು. ಅನಂತರ ಒಂದು ತಂತಿಯನ್ನು ಮೊದಲ ಮೆಟ್ಟಿಲಿನಲ್ಲಿಯೂ, ದಂಡಿಯು ಒಡಲಿಗೆ ಸೇರುವ ಕಡೆಯ ಮೆಟ್ಟಿಲಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಆಗ ಆ ತಂತಿಯೇ ನೇರವಾದ ಅಳತೆಗೋಲಾಗುತ್ತದೆ. ನಡುವೆ, ಏಳು-ಎಂಟನೆಯ ಮೆಟ್ಟಿಲಿನ ಬಳಿ, ತಂತಿಗೂ ಮೆಟ್ಟಿಲಿಗೂ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಎಂದರೆ ಸುಮಾರು 0.3 ಮಿಲಿಮೀಟರಿನಷ್ಟು ಎಡೆಯಿದ್ದರೆ ದಂಡಿ ಆರೋಗ್ಯವಾಗಿದೆಯೆಂದು ಅರ್ಥ. ಎಡೆ ಹೆಚ್ಚಾಗಿದ್ದರೆ ನಟ್ಟನ್ನು ಬಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಬೇಕು. ಆತುರಪಟ್ಟು ಒಮ್ಮೆಗೇ ಬಿಗಿದರೆ ನಟ್ಟಿನ ಮರೆ ಸವೆಯಬಹುದು, ಸರಳೇ ಮುರಿಯಬಹುದು. ಮುರಿದರೆ ದಂಡಿಯನ್ನು ಸೀಳಿಯೇ ಹೊರತೆಗೆಯಬೇಕು.

ಜೇಮರ್ಸನ್ನನ ವಾದ್ಯದಂಥ ಹಳೆಯ ಫೆಂಡರುಗಳಲ್ಲಿ ಈ ತೊಡಕು ಇನ್ನಷ್ಟು. ಅವುಗಳಲ್ಲಿ ನಟ್ಟು ಇರುವುದು ದಂಡಿಯ ಬುಡದಲ್ಲಿ. ತಂತಿ ಸಡಿಲಿಸಿ, ನಾಲ್ಕು ತಿರುಪುಗಳನ್ನು ಬಿಚ್ಚಿ, ದಂಡಿಯನ್ನು ಒಡಲಿನಿಂದ ಬೇರ್ಪಡಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ಜೋಡಿಸಿ ನೋಡಬೇಕು. ಸಾಲದಿದ್ದರೆ ಇಷ್ಟನ್ನೂ ಇನ್ನೊಮ್ಮೆ ಮಾಡಬೇಕು. ದಂಡಿ ನೆಟ್ಟಗಾದ ಮೇಲೆ ದಪ್ಪ ತಂತಿ ಕೂರುವಂತೆ ಮೇಲ್ತುದಿಯ ಗೀರುಗಳನ್ನು ಅರದಿಂದ ಹದವಾಗಿ ಅಗಲಿಸಿ, ಕುದುರೆಯ ಎತ್ತರವನ್ನು ತಗ್ಗಿಸಿ ಏರಿಸಿ, 12ನೆಯ ಮೆಟ್ಟಿಲಿನ ಸ್ವರ ಬಿಡಿತಂತಿಯ ಮೇಲಿನ ಸ್ಥಾಯಿಗೆ ಸರಿಯಾಗಿ ಹೊಂದುವಂತೆ ಮಾಡಬೇಕು. ಇಷ್ಟಾದರೂ ಕೆಲಸ ಮುಗಿಯಿತೆನ್ನುವಂತಿಲ್ಲ. ಮಿಶಿಗನ್ನಿನ ಬೇಸಗೆಯಲ್ಲಿ ಗಾಳಿ ತೇವದಿಂದ ಭಾರವಾಗಿರುತ್ತದೆ. ಹಿಮ ಬೀಳುವ ತಿಂಗಳುಗಳಲ್ಲಿ ಮನೆಯೊಳಗಿನ ಕಾವು ಗಾಳಿಯನ್ನು ಒಣಗಿಸುತ್ತದೆ. ಋತು ತಿರುಗಿದಂತೆ ಮರವೂ ಹಿಗ್ಗಿ ಕುಗ್ಗುವುದರಿಂದ ನಟ್ಟನ್ನೂ ತಿರುಗಿಸಬೇಕಾಗುತ್ತದೆ.

ವಿಚಿತ್ರವೆಂದರೆ, ಇಷ್ಟೆಲ್ಲ ಉಪಾಯವನ್ನು ತನ್ನ ವಾದ್ಯದೊಳಗೇ ಇಟ್ಟುಕೊಂಡಿದ್ದ ಜೇಮರ್ಸನ್ ಅದರ ಗೊಡವೆಗೆ ಹೋಗಲಿಲ್ಲ. ತಂತಿ ತುಂಡಾದ ಹೊರತು ಬದಲಾಯಿಸುತ್ತಿರಲಿಲ್ಲ. ದಂಡಿ ಬಾಗಿತು, ತಂತಿಗಳು ಮೆಟ್ಟಿಲುಗಳಿಂದ ಬಹಳ ಮೇಲಕ್ಕೆದ್ದವು. ಅದನ್ನು ನುಡಿಸಲು ಸಾಧ್ಯವೇ ಇಲ್ಲವೆಂದು ಇತರರು ಕೈಚೆಲ್ಲಿದರು. ನಾದ ಚೆನ್ನಾಗಿರುವುದು ಆ ಬಾಗಿನಿಂದಲೇ ಎಂದು ಅವನ ನಂಬಿಕೆ. ಬೇರೆಯವರು ದಂಡಿಯನ್ನು ಕೈಗೆ ಹೊಂದಿಸಿಕೊಂಡರೆ ಅವನು ಕೈಯನ್ನೇ ದಂಡಿಗೆ ಹೊಂದಿಸಿಕೊಂಡನು. ಮರದ ಬಾಸಿನಲ್ಲಿ ಪಳಗಿದ ಬೆರಳುಗಳಿಗೆ ಅದು ಸಾಧ್ಯವಾಯಿತು.

ಮರದ ದಂಡಿಯನ್ನು ಬಾಗಿಸಿದ ಭಾರ ಕಣ್ಣಿಗೆ ಕಾಣುತ್ತಿತ್ತು. ಮನುಷ್ಯನನ್ನು ಬಾಗಿಸಿದ ಭಾರ ಕಾಣಲಿಲ್ಲ. ವರ್ಷಗಟ್ಟಲೆ ದುಡಿದರೂ ಮೋಟೌನ್ ತಟ್ಟೆಗಳ ಹೊದಿಕೆಯ ಮೇಲೆ ಅವನ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಹೊರಬಂದಾಗ ಮೊದಲ ಬಾರಿಗೆ ಅಚ್ಚಾಯಿತು. ಸಂಸ್ಥೆಯ ಹಿಂದೆಯೇ ಲಾಸ್ ಏಂಜಲೀಸಿಗೆ ಹೋದ ಅವನಿಗೆ ಅಲ್ಲಿ ಕಾಲೂರಲಾಗಲಿಲ್ಲ. ಕುಡಿತವೂ ಕಾಯಿಲೆಯೂ ಹಿಡಿದವು. 1983ರ ಆಗಸ್ಟ್ 2ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದಕ್ಕೆ ಕೆಲವೇ ದಿನಗಳ ಹಿಂದೆ ಆ ಬಾಗಿದ ದಂಡಿಯ ವಾದ್ಯವನ್ನು ಕಳ್ಳರು ಕದ್ದೊಯ್ದಿದ್ದರು. ರಾಕ್ ಸಂಗೀತದ ಗೌರವ ಪೀಠದಲ್ಲಿ ಅವನಿಗೆ ಸ್ಥಾನ ದೊರೆತದ್ದು 2000ದಲ್ಲಿ.

ಅವನ ದೇಹ ಮಾತ್ರ ಡೆಟ್ರಾಯಿಟಿಗೆ ಮರಳಿತು. ವುಡ್‌ವರ್ಡ್ ಅವೆನ್ಯೂವಿನ ವುಡ್‌ಲಾನ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಊರಿನ ಗಿಟಾರ್ ಅಂಗಡಿಗಳಲ್ಲಿ ಅವನ ನಾದವನ್ನು ಬಯಸಿ ಅದೇ ದಪ್ಪ ತಂತಿಗಳನ್ನು ಕೇಳಿ ಕೊಳ್ಳುವವರಿಗೆ ಕೊರತೆಯಿಲ್ಲ. ತಂತಿ ಕಟ್ಟಿ, ದಂಡಿ ಬಾಗಿದ್ದನ್ನು ಕಂಡು, ಗಾಬರಿಯಿಂದ ನಟ್ಟಿಗೆ ಕೈಯಿಡುವವರು ಅವರು. ಕಾಲು ಸುತ್ತು ತಿರುಗಿಸಿದರೆ ದಂಡಿ ನೆಟ್ಟಗಾಗುತ್ತದೆ. ಆದರೆ ಆ ನಾದ ತಂತಿಯೊಂದರಿಂದಲೇ ಹುಟ್ಟಿದ್ದಲ್ಲ, ಬಾಗಿದ ದಂಡಿಗೆ ಬೆದರದ ಒಂದು ತೋರುಬೆರಳಿನಿಂದಲೂ ಹುಟ್ಟಿದ್ದೆಂಬುದು ಆಮೇಲೆ ಅವರಿಗೆ ತಿಳಿಯುತ್ತದೆ.