ಅಪ್ಪ ಓದಿದ ಕನ್ನಡಿ

ಹೊಸ ಮನೆಗೆ ಹೋಗುವವರು ಹಳೆಯ ಸಾಮಾನನ್ನು ಎರಡು ಪಾಲು ಮಾಡುತ್ತಾರೆ. ನಡುಮನೆಗೆ ಒಂದು, ಅಟ್ಟಕ್ಕೆ ಇನ್ನೊಂದು. 2004ರಲ್ಲಿ ನಾವು ಹುಮನಾಬಾದಿನಲ್ಲಿ ಮನೆ ಕಟ್ಟಿಸಿದಾಗ ನನ್ನ ತವರಿನ ದೊಡ್ಡ ಕನ್ನಡಿ ಮಾತ್ರ ಯಾವ ಪಾಲಿಗೂ ಸೇರದೆ ಎಂಟು ದಿನ ಗೋಡೆಗೆ ಒರಗಿ ನಿಂತಿತ್ತು. ತೇಗದ ಚೌಕಟ್ಟು ಗಟ್ಟಿಯಾಗಿತ್ತು. ಆದರೆ ಗಾಜಿನ ಅಂಚಿಗುಂಟ ಕಪ್ಪು ಹಬ್ಬಿತ್ತು, ನಡುವೆಯೂ ಮಳೆಹನಿಯಂಥ ನಾಲ್ಕಾರು ಕಲೆಗಳಿದ್ದವು. ಹೊಸ ಸುಣ್ಣದ ಗೋಡೆಗೆ ಇದೆಂಥ ದೃಷ್ಟಿಬೊಟ್ಟು ಎಂದು ನನಗೇ ಅನಿಸಿತು.

ಆ ಕನ್ನಡಿ ಬಸವಕಲ್ಯಾಣದ ನಮ್ಮ ಹಳೆಯ ಮನೆಯದು. ನನ್ನ ಅಜ್ಜ ಹೈದರಾಬಾದಿನಿಂದ ಎರಡು ಕನ್ನಡಿ ತಂದಿದ್ದನಂತೆ. ಒಂದು ಎದೆಯೆತ್ತರದ್ದು, ಇನ್ನೊಂದು ಎರಡು ಗೇಣಿನದು. ಮನೆಯವರ ಬಾಯಲ್ಲಿ ಎರಡಕ್ಕೂ ‘ಬೆಲ್ಜಿಯಂ ಐನಾ’ ಎಂದೇ ಹೆಸರು. ಚಿಕ್ಕದರ ಮುಂದೆ ಆಯಿ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ದೊಡ್ಡದು ಪಡಸಾಲೆಯಲ್ಲಿತ್ತು. ಅದು ಅಲಂಕಾರಕ್ಕೆ ಅಲ್ಲ, ಅಪ್ಪನ ಓದಿಗೆ. ಕರೆಂಟು ಇಲ್ಲದ ಕಾಲ. ಆಯಿ ಕಂದೀಲನ್ನು ಕನ್ನಡಿಯ ಮುಂದೆ ಇಡುತ್ತಿದ್ದಳು. “ಐನಾದ ಮುಂದ ಇಟ್ರ ಎರಡು ಕಂದೀಲು ಆಗ್ತಾವ, ಎಣ್ಣಿ ಒಂದಕ್ಕೇ ಸಾಕು” ಎನ್ನುವುದು ಅವಳ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದವಳಿಗೆ ಬೆಳಕಿನ ಪಾಠವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆಗ ನಮ್ಮ ಸೀಮೆ ನಿಜಾಮರ ಸಂಸ್ಥಾನದಲ್ಲಿತ್ತು. ಮನೆಯ ಮಾತು ಕನ್ನಡ, ಶಾಲೆಯ ಪಾಠ ಉರ್ದು. ಓದಿ ಬೇಸರ ಬಂದಾಗ ಅಪ್ಪ ಪುಸ್ತಕವನ್ನು ಕನ್ನಡಿಗೆ ಹಿಡಿಯುತ್ತಿದ್ದರಂತೆ. ಬಲದಿಂದ ಎಡಕ್ಕೆ ಹೋಗುವ ಉರ್ದು ಸಾಲುಗಳು ಕನ್ನಡಿಯೊಳಗೆ ಎಡದಿಂದ ಬಲಕ್ಕೆ, ನಮ್ಮ ಕನ್ನಡದ ಹಾಗೆ ಓಡುತ್ತಿದ್ದವು. ಈ ಕತೆಯನ್ನು ನಮಗೆ ಹೇಳುವಾಗಲೆಲ್ಲ ಅವರು ಹುಡುಗನಂತೆ ನಗುತ್ತಿದ್ದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದಾಗ ಅವರಿಗೆ ಹದಿನಾರು. 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟರಲ್ಲಿ ಅಪ್ಪ ಮನೆಯ ಮಾತನ್ನು ತಪ್ಪಿಲ್ಲದೆ ಬರೆಯಲು ಕಲಿತು, ಕನ್ನಡ ಶಾಲೆಯ ಮಾಸ್ತರರಾಗಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ಗೃಹಪ್ರವೇಶಕ್ಕೆ ಎಲ್ಲವೂ ಹೊಳೆಯಬೇಕೆಂಬ ಹುಚ್ಚಿನಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿಯೊಂದಕ್ಕೆ ಅದನ್ನು ಕಳಿಸಿದೆ. “ಚಂದ ಕಾಣೂ ಹಾಂಗ ಮಾಡ್ರಿ” ಎಂದಷ್ಟೇ ಹೇಳಿದ್ದೆ. ನಾಲ್ಕು ದಿನಕ್ಕೆ ಮರಳಿ ಬಂತು. ಚೌಕಟ್ಟಿಗೆ ಪಾಲಿಶು, ಒಳಗೆ ಹೊಚ್ಚ ಹೊಸ ಗಾಜು. ಹಳೆಯ ಗಾಜು ಎಲ್ಲಿ ಎಂದು ಕೇಳುವುದೂ ನನಗೆ ಹೊಳೆಯಲಿಲ್ಲ.

ಗೃಹಪ್ರವೇಶದ ದಿನ ಅಪ್ಪ ಬಸವಕಲ್ಯಾಣದಿಂದ ಬಂದರು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, “ಐನಾ ಎಲ್ಲಿ ಅದವ್ವಾ?” ಎಂದರು.

“ಇದೇ ಅದಲ್ಲಪ್ಪಾ.”

“ಇದು ಚೌಕಟ್ಟದ” ಎಂದವರು ಮತ್ತೇನೂ ಅನ್ನಲಿಲ್ಲ. ಊಟಕ್ಕೆ ಕುಳಿತರು, ಹೋಳಿಗೆ ಚಲೋ ಆಗ್ಯಾವ ಎಂದರು. ನಾನು ಮರುದಿನ ಅಂಗಡಿಗೆ ಓಡಿದೆ. ಹಳೆಯ ಗಾಜು ಒಡೆದು ಗುಜರಿಗೆ ಹೋಗಿತ್ತು. ತಪ್ಪು ಅಂಗಡಿಯವರದೆಂದು ಹೇಗೆ ಹೇಳಲಿ? ಹೇಳಿದ ಕೆಲಸವನ್ನೇ ಅವರು ಮಾಡಿದ್ದರು. 2009ರಲ್ಲಿ ಅಪ್ಪ ತೀರಿಕೊಂಡರು. ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಹತ್ತು ವರ್ಷದ ಮೇಲೆ, 2019ರಲ್ಲಿ, ಬಸವಕಲ್ಯಾಣದ ಮನೆಯನ್ನು ಕೆಡವಿ ಕಟ್ಟುವುದೆಂದು ಅಣ್ಣ ನಿರ್ಧರಿಸಿದ. ಸಾಮಾನು ಇಳಿಸಲು ನಾವೂ ಹೋದೆವು. ಅಟ್ಟದ ಮೂಲೆಯಲ್ಲಿ, ಹರಿದ ಕೌದಿಯೊಳಗೆ, ಆಯಿಯ ಚಿಕ್ಕ ಕನ್ನಡಿ ಸಿಕ್ಕಿತು. ಅದಕ್ಕೂ ಕಲೆ ಬಿದ್ದಿತ್ತು. “ಮುಖಾನೇ ಕಾಣಂಗಿಲ್ಲ, ಬಿಡು” ಎಂದ ಅಣ್ಣ. ಆಗ ಪಿಯುಸಿ ಎರಡನೆಯ ವರ್ಷದಲ್ಲಿದ್ದ ನನ್ನ ಮಗಳು, “ಮಾಮಾ, ಅದು ನನಗ ಕೊಡ್ರಿ” ಎಂದು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹುಮನಾಬಾದಿನತನಕ ತಂದಳು.

ಕಲೆಯ ಗುಟ್ಟನ್ನು ಹೇಳಿಕೊಟ್ಟವಳೂ ಅವಳೇ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮಕ್ಕಳು ಟಾಲೆನ್ಸ್ ಪರೀಕ್ಷೆ ಮಾಡುತ್ತಾರಲ್ಲ, ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟಿಗೆ ಗ್ಲೂಕೋಸ್ ಹಾಕಿ ಬಿಸಿ ಮಾಡಿದರೆ ಪ್ರನಾಳದ ಒಳಮೈಗೆ ಬೆಳ್ಳಿ ಹತ್ತಿ ಥಳಥಳಿಸುತ್ತದೆ. ಕನ್ನಡಿ ಮಾಡುವ ವಿದ್ಯೆಯೂ ಅದೇ ಜಾತಿಯದು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1835ರಲ್ಲಿ ಗಾಜಿಗೆ ಬೆಳ್ಳಿ ಹಿಡಿಸುವ ದಾರಿ ತೋರಿಸಿದ. ಅದಕ್ಕೂ ಮೊದಲು ತವರದ ತೆಳು ಹಾಳೆಗೆ ಪಾದರಸ ಹಚ್ಚಿ ಗಾಜಿಗೆ ಅಂಟಿಸುತ್ತಿದ್ದರು. ಆ ಪಾದರಸದ ಆವಿ ಕುಡಿದು ಕೆಲಸಗಾರರು ರೋಗಕ್ಕೆ ತುತ್ತಾಗುತ್ತಿದ್ದರು. ಬೆಳ್ಳಿಯ ಕನ್ನಡಿಗೆ ತೇವವೇ ಶತ್ರು. ಅಂಚಿನಿಂದ ತೇವ ಮತ್ತು ಹೊಗೆಗಾಳಿ ನುಗ್ಗಿದಲ್ಲೆಲ್ಲ ಬೆಳ್ಳಿ ಕಪ್ಪಾಗುತ್ತದೆ. ನಾವು ಹೊಲಸು ಎಂದುಕೊಳ್ಳುವ ಕಲೆ ಗಾಜಿನ ಹಿಂದಿನದು. ಎಷ್ಟು ತಿಕ್ಕಿದರೂ ಹೋಗುವಂಥದಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದೊಂದು ಇದ್ದೀತು. ನಾನು ತಪ್ಪು ಮಾಡಿ ಕಲಿತದ್ದನ್ನು ಹೇಳುತ್ತೇನೆ. ಮೊದಲು ಪೆನ್ಸಿಲ್ಲಿನ ಮೊನೆಯನ್ನು ಗಾಜಿಗೆ ತಾಗಿಸಿ ನೋಡಿ. ಮೊನೆಗೂ ಅದರ ಬಿಂಬಕ್ಕೂ ನಡುವಿನ ಸಂದು ಹೆಚ್ಚಿದ್ದಷ್ಟೂ ಗಾಜು ದಪ್ಪ. ಬದಿಗೆ ಸರಿದು ನೋಡುವಾಗ ಬಿಂಬ ನೀರಿನಂತೆ ತುಸು ಅಲುಗಿದರೆ ಗಾಜು ಹಳೆಯ ಕಾಲದ್ದಿರಬಹುದು. ಬಹಳ ಪುರಾತನ ಕನ್ನಡಿಯಾದರೆ ಬೆನ್ನನ್ನು ಕೆರೆಯಬೇಡಿ, ಮಕ್ಕಳ ಕೈಗೂ ಕೊಡಬೇಡಿ, ಪಾದರಸವಿದ್ದೀತು. ಗಾಜಿನ ಮೇಲೆ ನೀರು ಚಿಮುಕಿಸಬಾರದು, ಅಂಚಿಗೆ ಇಳಿದ ನೀರೇ ಮುಂದೆ ಕಲೆಯಾಗುತ್ತದೆ. ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿದರೆ ಸಾಕು. ತೇವ ಹಿಡಿಯುವ ಗೋಡೆ ಬೇಡ. ಹಿಂದೆ ಎರಡು ಚೂರು ಕಟ್ಟಿಗೆ ಕೊಟ್ಟು ಗಾಳಿಯಾಡಲು ಬಿಡಿ. ಭಾರವಾದುದನ್ನು ಹಗ್ಗಕ್ಕೆ ನಂಬಿ ತೂಗುಹಾಕಬೇಡಿ. ಎರಡು ಗಟ್ಟಿ ಮೊಳೆ, ತಂತಿ ಇರಲಿ. ದುರಸ್ತಿಯೆಂದರೆ ಚೌಕಟ್ಟಿನ ಸಂದು, ಹಿಂದಿನ ಹಲಗೆ, ಮೊಳೆ ಇಷ್ಟೇ. ಗಾಜನ್ನು ಬಿಟ್ಟುಬಿಡಿ. ತಲೆ ಬಾಚಲು ಬಾರದಷ್ಟು ಮಬ್ಬಾಗಿದ್ದರೆ ಕತ್ತಲೆಯ ಓಣಿಯಂಥ ನಡೆಯಲ್ಲೋ ದೀಪ ಇಡುವ ಕಡೆಯೋ ತೂಗುಹಾಕಿ. ಅಲ್ಲಿ ಅದಕ್ಕೆ ಮುಖ ತೋರಿಸುವ ಕೆಲಸವಿಲ್ಲ, ಬೆಳಕು ಹಂಚುವ ಕೆಲಸ.

ಇನ್ನೊಂದು ಮಾತು. ಕನ್ನಡಿ ಹಾಕುವಾಗ ಎಲ್ಲರೂ ಗೋಡೆಯನ್ನು ನೋಡುತ್ತಾರೆ. ನೋಡಬೇಕಾದದ್ದು ಎದುರಿಗಿನದನ್ನು. ಎದುರಿಗೆ ಕಿಟಕಿಯಿದ್ದರೆ ಮನೆಗೆ ಇನ್ನೊಂದು ಕಿಟಕಿ ಬರುತ್ತದೆ. ಎದುರಿಗೆ ಟಿವಿ ಇದ್ದರೆ ಎರಡು ಟಿವಿ!

ಕನ್ನಡಿಗೂ ಕಲ್ಯಾಣಕ್ಕೂ ಹಳೆಯ ನಂಟು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಕನ್ನಡಿ ಕಾಯಕದ ಅಮ್ಮಿದೇವಯ್ಯ ಎಂಬ ಶರಣರಿದ್ದಾರೆ, ಕನ್ನಡಿ ಕಾಯಕದ ರೇಮಮ್ಮ ಎಂಬ ಶರಣೆಯೂ ಇದ್ದಾರೆ. ಅವರ ಕಾಲದ ಕನ್ನಡಿ ಗಾಜಿನದಲ್ಲ, ಉಜ್ಜಿ ಉಜ್ಜಿ ಹೊಳಪು ತಂದ ಲೋಹದ್ದು. ಕೇರಳದ ಆರನ್ಮುಳದಲ್ಲಿ ಇಂದಿಗೂ ಅಂಥ ಲೋಹದ ಕನ್ನಡಿ ಮಾಡುತ್ತಾರೆ. ಬೇಲೂರಿನ ದರ್ಪಣ ಸುಂದರಿಯ ಕೈಯಲ್ಲಿರುವುದು ಆ ಕಾಲದ ಕನ್ನಡಿಯೇ. ನಮ್ಮ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಯ ಮೇಲೂ ಚೆಲುವೆಯರ ಸಾಲಿದೆ. ಅವರಲ್ಲಿ ಒಬ್ಬಳು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತ ನಿಂತಿದ್ದಾಳೆ. ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದೊಯ್ಯುವ ನಮ್ಮ ಕಡೆಯ ತಾಯಿತಂದೆಯರು ಮೊದಲು ಈ ಬರೆಯುವ ಹುಡುಗಿಯನ್ನು ತೋರಿಸಲಿ ಎಂದು ನನ್ನ ಆಸೆ.

ಆಯಿಯ ಕನ್ನಡಿಯನ್ನು ಮಗಳು ತನ್ನ ಓದುವ ಮೇಜಿನ ಮೇಲೆ ತೂಗುಹಾಕಿದಳು. ಹಿಂದಿನ ಸಡಿಲ ಹಲಗೆಯನ್ನು ಮಾತ್ರ ಬಡಗಿಯಿಂದ ಬಿಗಿ ಮಾಡಿಸಿದೆವು. ಗಾಜಿನ ಮೇಲಿನ ಮೂಲೆಯಲ್ಲಿ ಬೆರಳಗಲದ ಕೆಂಪು ಗುರುತು ಉಳಿದಿತ್ತು, ಆಯಿಯ ಕುಂಕುಮದ್ದು. ನಾನು ಬಟ್ಟೆ ಹಿಡಿದು ಹೋದಾಗ ಮಗಳು ಕೈ ಅಡ್ಡ ಇಟ್ಟಳು. ಅಂದು ಆ ಅಂಗಡಿಗೆ ಹೋಗುವಾಗ ನನಗೆ ಇಂಥದೊಂದು ಕೈ ಅಡ್ಡ ಬರಬೇಕಿತ್ತು.

2020ರ ಮಾರ್ಚಿನಲ್ಲಿ ಅವಳ ಪಿಯುಸಿ ಪರೀಕ್ಷೆ. ಒಂದು ರಾತ್ರಿ ಕರೆಂಟು ಹೋಯಿತು. ನಾನು ಎಮರ್ಜೆನ್ಸಿ ಲೈಟು ಹುಡುಕುತ್ತ ಅವಳ ಕೋಣೆಯ ಬಾಗಿಲಿಗೆ ಬಂದೆ. ಅವಳು ಆಗಲೇ ಮೇಣದಬತ್ತಿ ಹಚ್ಚಿ ಕನ್ನಡಿಯ ಮುಂದೆ ಇಟ್ಟುಕೊಂಡು ಪುಸ್ತಕ ತೆರೆದಿದ್ದಳು. ಕಲೆಗಳ ನಡುವೆ ಇನ್ನೊಂದು ಬತ್ತಿ ಉರಿಯುತ್ತಿತ್ತು. ಕಂದೀಲಿನ ಕತೆಯನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಳಲು ನನಗೆ ಮುಖವಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡು ಸಪ್ಪಳ ಮಾಡದೆ ಹಿಂದೆ ಸರಿದೆ.