ಅಂಟು

ರಾಜಾಜಿನಗರದ ನಮ್ಮ ಹಳೇ ಮನೆಯ ನಡುಮನೆಗೆ ವಾಲ್‌ಪೇಪರ್ ಹಾಕಿಸಿದ ಪಾಪ ನನ್ನದೇ. ಹನ್ನೆರಡು ವರ್ಷದ ಹಿಂದೆ ನಾನು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಹುಡುಗರು ಗೋಡೆ ತುಂಬ ಯಾವುದೋ ಸೀಮೆಯ ಬಳ್ಳಿ ಹಬ್ಬಿಸಿ ಹೋಗಿದ್ದರು. ಅಮ್ಮ ನೋಡಿ, "ಗೋಡೆಗೂ ಸೀರೆ ಉಡಿಸಿದ್ಯೇನೋ?" ಅಂದಿದ್ದಳು. ಮೂರು ಮಳೆಗಾಲಕ್ಕೆ ಬಚ್ಚಲ ಕಡೆಯ ಅಂಚು ಉಬ್ಬಿತು. ಈಚೆಗೆ ಸೆರಗು ತಾನಾಗಿಯೇ ಜಾರತೊಡಗಿತ್ತು.

ಇಂಗ್ಲೆಂಡಿನಲ್ಲಿ 1712ರಲ್ಲಿ ಇಂಥ ಚಿತ್ತಾರದ ಕಾಗದಕ್ಕೆ ಸುಂಕ ಹಾಕಿದ್ದರು. ಜನ ಕಿಲಾಡಿಗಳು, ಬಿಳಿ ಕಾಗದ ಅಂಟಿಸಿಕೊಂಡು ಆಮೇಲೆ ಅದರ ಮೇಲೆ ಹೂ ಬರೆಸಿಕೊಂಡರು. 1836ರಲ್ಲಿ ತೆಗೆದುಹಾಕಿದ ಆ ಸುಂಕ ನಮ್ಮಲ್ಲಿ ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆ.

ಕಾಗದ ಕಿತ್ತು ಬರುವುದು ಸುಲಭ, ಹಿಂದೆ ಉಳಿಯುವ ಅಂಟು ಮಾತ್ರ ಬಿಡುವುದಿಲ್ಲ. ಮೇಸ್ತ್ರಿ ಒದ್ದೆ ಬೆರಳು ಒತ್ತಿ, "ನೋಡಿ ಸಾರ್, ಜಾರ್ತದೆ. ಇದರ ಮೇಲೆ ಪ್ರೈಮರ್ ಹೊಡೆದ್ರೆ ಚಕ್ಕೆ ಚಕ್ಕೆ ಎದ್ದು ಬರ್ತದೆ" ಅಂದ. ನನಗೆ ಶಾಲೆಯ ಪಾಠ ನೆನಪಾಯಿತು. ಟಿಂಚರ್ ಅಯೋಡಿನ್ ತಂದು ಮೂಲೆಯಲ್ಲೊಂದು ತೊಟ್ಟು ಬಿಟ್ಟೆ. ಕಪ್ಪುನೀಲಿ! ಪಿಷ್ಟದ ಅಂಟು ಸಿಕ್ಕಿಬಿದ್ದಿತ್ತು. ಮೇಸ್ತ್ರಿ ನಿರ್ಲಿಪ್ತನಾಗಿ, "ಈಗ ಆ ಕಲೆ ಬೇರೆ ತೆಗೀಬೇಕು" ಅಂದ. ಬಿಸಿನೀರು, ಸ್ಪಂಜು, ಬಕೆಟ್ಟಿನ ನೀರು ಗಂಜಿಯಾದಾಗಲೆಲ್ಲ ಚೆಲ್ಲು, ಮತ್ತೆ ತುಂಬು. ಎರಡು ದಿನ ಹಿಡಿಯಿತು.

ಸ್ವಿಚ್‌ಬೋರ್ಡ್ ಪಕ್ಕ ಎದ್ದ ಒಂದು ಚಕ್ಕೆಯನ್ನು ಅಂಗೈಯಲ್ಲಿಟ್ಟು ಅಂಚು ನೋಡಿದೆ. ಮೇಲೆ ತಿಳಿಹಸಿರು ಡಿಸ್ಟೆಂಪರ್, ಕೆಳಗೆ ಕೆನೆಬಣ್ಣ, ಅದರಡಿ ನೀಲಿ ಬೆರೆಸಿದ ಸುಣ್ಣ. ಯುಗಾದಿಗೆ ಮುಂಚೆ ಅಪ್ಪ ಡ್ರಮ್ಮಿನಲ್ಲಿ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಕೊತಕೊತ ಕುದಿಯುತ್ತಿತ್ತು. ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಗೋಡೆಗೇರಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಮತ್ತೆ ಸುಣ್ಣಕಲ್ಲೇ ಆಗುತ್ತದಲ್ಲ, ಅದು ಗಟ್ಟಿಯಾಗಿ ಕೂತಿತ್ತು. ಮೇಲಿನ ಡಿಸ್ಟೆಂಪರ್ ಸೀಮೆಸುಣ್ಣ ಮತ್ತು ಅಂಟಿನ ಸಂಸಾರ. ವಯಸ್ಸಾಗಿ, ಮುಟ್ಟಿದರೆ ಅಂಗೈ ಹಸಿರು. ಪುಡಿಯ ಮೇಲೆ ಪ್ರೈಮರ್ ಹಿಡಿಯುವುದಿಲ್ಲ, ಗಟ್ಟಿ ಸಿಗುವವರೆಗೆ ಕೆರೆಯಬೇಕು. ಆ ಹಸಿರು ನಮ್ಮ ಮನೆಗೆ ಬಂದದ್ದು ಬ್ರಷ್ ಹಿಡಿದ ತುಂಟ ಗಟ್ಟುವಿನ ಡಬ್ಬದಲ್ಲಿ. ಏಷ್ಯನ್ ಪೇಂಟ್ಸ್‌ಗಾಗಿ 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಖಾಲಿ ಡಬ್ಬದಲ್ಲಿ ಅಮ್ಮ ದೊಡ್ಡಪತ್ರೆ ನೆಟ್ಟಿದ್ದಳು. ಗಟ್ಟು ತುಕ್ಕು ಹಿಡಿಯುತ್ತ ನಗುತ್ತಲೇ ಇದ್ದ.

ಮೂರನೇ ದಿನ, ಹಿಂದೆ ಟೆಲಿಫೋನ್ ಇದ್ದ ಜಾಗದಲ್ಲಿ, ಹಸಿರಿನ ಮೇಲೆ ಪೆನ್ಸಿಲ್ ಬರಹ ಕಂಡಿತು. ಅಪ್ಪನ ಕೈ: ಏಳಕ್ಕೆ ನಡುವಿನಲ್ಲೊಂದು ಅಡ್ಡಗೀಟು. ಆರೇ ಅಂಕಿ, ಬೆಂಗಳೂರಿನ ನಂಬರುಗಳು ಇನ್ನೂ ಬೆಳೆಯದಿದ್ದ ಕಾಲದ್ದು. ಸುತ್ತ ಎರಡು ಸಲ ಗೆರೆ ಎಳೆದಿದ್ದಾರೆ, ಹೆಸರಿಲ್ಲ. ಯಾರದು? ಆಸ್ಪತ್ರೆಯದೇ? ಊರು ಬಿಟ್ಟು ಹೋದ ಚಿಕ್ಕಪ್ಪನದೇ? ಗಂಟಲು ಕಟ್ಟಿ ಬಂದು ಅಕ್ಕನಿಗೆ ಫೋಟೋ ಕಳಿಸಿದೆ.

ತಕ್ಷಣ ಫೋನ್ ಮಾಡಿದಳು. "ಅಯ್ಯೋ, ಅದು ಗ್ಯಾಸಿನವನ ನಂಬರು ಕಣೋ. ಸಿಲಿಂಡರ್ ಮುಗಿದಾಗಲೆಲ್ಲ ಅಪ್ಪ ಬೈಕೊಂಡು ತಿರುಗಿಸ್ತಿದ್ರಲ್ಲ!"

ಮೇಸ್ತ್ರಿ ಉಪ್ಪುಕಾಗದ ಮಡಚಿ ಹಿಡಿದು ಕಾದಿದ್ದ. "ಉಜ್ಜಲಾ ಸಾರ್?"

"ಇವತ್ತು ಆ ಕಡೆ ಗೋಡೆ ಮಾಡಿ" ಅಂದೆ.